ರಾಜನಗರದ ಪೋಳಗಳಲ್ಲಿ ಒಂದು ಚೈತ್ಯಪರಿಪಾಟಿ

ಜೈನ ಹಸ್ತಪ್ರತಿಗಳ ಅಭ್ಯಾಸದಲ್ಲಿ ತೊಡಗಿರುವವರಿಗೆ 'ಚೈತ್ಯಪರಿಪಾಟಿ' ಎಂಬ ರಚನಾಪ್ರಕಾರ ಅಪರಿಚಿತವಲ್ಲ. ಗುಜರಾತಿನ ಶ್ವೇತಾಂಬರ ಕವಿಗಳು, ಬಹುಮಟ್ಟಿಗೆ ಮುನಿಗಳು, ಒಂದು ನಗರದ ಕೇರಿಗಳನ್ನು ಒಂದೊಂದಾಗಿ ಹೊಕ್ಕು ಅಲ್ಲಿಯ ಜಿನಾಲಯಗಳನ್ನೂ ಮೂಲನಾಯಕರನ್ನೂ ಬಿಂಬಗಳ ಸಂಖ್ಯೆಯನ್ನೂ ಪದ್ಯದಲ್ಲಿ ಹೇಳುತ್ತಾ ಹೋಗುವ ಕೃತಿಗಳಿವು. ವಿಕ್ರಮ ಸಂವತ್ 1648ರಲ್ಲಿ ಲಲಿತಪ್ರಭಸೂರಿಗಳು ರಚಿಸಿದ ಪಾಟಣದ ಚೈತ್ಯಪರಿಪಾಟಿ ಇವುಗಳಲ್ಲಿ ಪ್ರಸಿದ್ಧವಾದುದು. ಕಾವ್ಯವೆಂದು ಓದಹೊರಟರೆ ಈ ಕೃತಿಗಳು ನೀರಸವೆನಿಸುವುದುಂಟು; ಅಲಂಕಾರವಿಲ್ಲ, ಕಥೆಯಿಲ್ಲ, ಎಣಿಕೆಯೇ ಎಲ್ಲ. ಆದರೆ ಇವು ಕುಳಿತು ಓದಲು ಬರೆದವಲ್ಲ, ನಡೆದು ಓದಲು ಬರೆದವು ಎಂಬುದನ್ನು ಮನಗಂಡಾಗ ಇವುಗಳ ಬೆಲೆ ತಿಳಿಯುತ್ತದೆ. ವಂದನೆಯ ಕ್ರಮವೇ ಇಲ್ಲಿ ಗ್ರಂಥದ ಕ್ರಮ. ಎಡಕ್ಕೆ ತಿರುಗಬೇಕಾದಲ್ಲಿ ಪದ್ಯವೂ ಎಡಕ್ಕೆ ತಿರುಗುತ್ತದೆ.

ಈ ಮಾತು ನನ್ನ ಮನಸ್ಸಿಗೆ ಸ್ಪಷ್ಟವಾದುದು ಅಹಮದಾಬಾದಿನ ಹಳೆಯ ಪೇಟೆಯಲ್ಲಿ ಒಂದು ಬೆಳಗ್ಗೆ ನಡೆದಾಗ. ಆ ನಗರದ ಪಾಲಿಕೆಯವರು 1997ರ ನವೆಂಬರ್ 19ರಂದು ಒಂದು 'ಪಾರಂಪರಿಕ ನಡಿಗೆ'ಯನ್ನು ಆರಂಭಿಸಿದರು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಪೋಳಗಳ ಒಳದಾರಿಗಳನ್ನು ಹಾದು, ಜಾಮಾ ಮಸೀದಿಯಲ್ಲಿ ಮುಗಿಯುವ ಈ ನಡಿಗೆಗೆ ಎರಡೂವರೆ ಗಂಟೆ ಹಿಡಿಯುತ್ತದೆ. ಜೊತೆಯಲ್ಲಿ ಒಬ್ಬ ಮಾರ್ಗದರ್ಶಿ ಇರುತ್ತಾರೆ. 2017ರ ಜುಲೈ ತಿಂಗಳಲ್ಲಿ ಯುನೆಸ್ಕೋ ಸಂಸ್ಥೆ ಈ ಕೋಟೆಯೊಳಗಣ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ ನಗರಗಳಲ್ಲಿ ಆ ಪಟ್ಟಿ ಸೇರಿದ ಮೊದಲನೆಯದು ಇದು. ಸೇರಿಸಿದ ಕಾರಣಗಳಲ್ಲಿ ಮಸೀದಿ ಗೋರಿಗಳ ಶಿಲ್ಪದಷ್ಟೇ ಪೋಳಗಳ ಮರದ ಮನೆಗಳೂ ಮುಖ್ಯವಾಗಿದ್ದವು. ಈ ನಡಿಗೆಯ ಅರ್ಧಕ್ಕೂ ಹೆಚ್ಚು ಭಾಗ ಜೈನರ ಕೇರಿಗಳಲ್ಲಿಯೇ ಸಾಗುತ್ತದೆಯಾಗಿ, ನಮ್ಮ ಪತ್ರಿಕೆಯ ಓದುಗರಿಗೆ ಇದರ ವಿಚಾರವಾಗಿ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದು ಎಂದು ಭಾವಿಸಿದ್ದೇನೆ.

ಸ್ವಾಮಿನಾರಾಯಣ ಮಂದಿರ 1822ರಲ್ಲಿ ಪ್ರತಿಷ್ಠಿತವಾದುದು. ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೇ ಕವಿ ದಲಪತರಾಮರ (1820-1898) ಮನೆಯಿದ್ದ ಸ್ಥಳ ಸಿಗುತ್ತದೆ. ಮನೆಯ ಮುಂಭಾಗವನ್ನು ಮತ್ತೆ ಕಟ್ಟಿ, ಜಗಲಿಯ ಮೇಲೆ ಕವಿಯ ಪ್ರತಿಮೆಯನ್ನು ಕೂರಿಸಿದ್ದಾರೆ. ಹೋಗುಬರುವವರ ನಡುವೆ ಕವಿ ತನ್ನ ಮನೆಯ ಮುಂದೆ ತಾನೇ ಕುಳಿತಂತಿದೆ. ಮಾರ್ಗದರ್ಶಿ ಇವರನ್ನು ಗುಜರಾತಿ ನವಕಾವ್ಯದ ಆದ್ಯರೆಂದು ಪರಿಚಯಿಸಿ ಮುಂದುವರಿದರು. ನಮಗೆ ಬೇಕಾದ ಸಂಗತಿ ಇನ್ನೊಂದಿದೆ. ಅಲೆಕ್ಸಾಂಡರ್ ಕಿನ್‌ಲಾಕ್ ಫಾರ್ಬ್ಸ್ ಎಂಬ ಆಂಗ್ಲ ಅಧಿಕಾರಿ ಗುಜರಾತಿನ ಇತಿಹಾಸವನ್ನು ಬರೆಯಲು ಹೊರಟಾಗ ಊರೂರು ಅಲೆದು ಹಸ್ತಪ್ರತಿಗಳನ್ನೂ ಭಾಟರ ಹಾಡುಗಳನ್ನೂ ಸಂಗ್ರಹಿಸಿಕೊಟ್ಟವರು ಈ ದಲಪತರಾಮರೇ. 1856ರಲ್ಲಿ ಪ್ರಕಟವಾದ ಫಾರ್ಬ್ಸನ 'ರಾಸಮಾಲಾ' ಮೇರುತುಂಗಾಚಾರ್ಯರ 'ಪ್ರಬಂಧಚಿಂತಾಮಣಿ'ಯೇ ಮೊದಲಾದ ಜೈನ ಪ್ರಬಂಧಗಳನ್ನು ಬಹುವಾಗಿ ಅವಲಂಬಿಸಿದೆ. ಹೀಗೆ ಜೈನ ಭಂಡಾರಗಳ ಗ್ರಂಥಗಳು ಹೊರಲೋಕಕ್ಕೆ ತಿಳಿದ ದಾರಿಗಳಲ್ಲಿ ಒಂದು ಒಬ್ಬ ಅಜೈನ ಕವಿಯ ಜಗಲಿಯಿಂದ ಹೊರಟಿತು.

ಇನ್ನು 'ಪೋಳ' ಎಂಬ ಶಬ್ದ. ಸಂಸ್ಕೃತದ 'ಪ್ರತೋಲೀ' ಎಂಬುದರಿಂದ ಬಂದ ಈ ಪದಕ್ಕೆ ಮೂಲಾರ್ಥ ಹೆಬ್ಬಾಗಿಲು; ಬಳಿಕ ಹೆಬ್ಬಾಗಿಲಿನ ಒಳಗಿರುವ ಕೇರಿಗೇ ಆ ಹೆಸರು ನಿಂತಿತು. ನಮ್ಮ ಕಡೆ ಮುದಿ ಗೋವುಗಳನ್ನು ಸಾಕುವ 'ಪಿಂಜರಾಪೋಲ್' ಎಲ್ಲರಿಗೂ ಗೊತ್ತು. ಅದರ ಉತ್ತರಪದವೂ ಇದೇ. ಒಂದು ಪೋಳಕ್ಕೆ ಸಾಮಾನ್ಯವಾಗಿ ಒಂದೇ ಮುಖ್ಯದ್ವಾರ. ಹಿಂದೆ ಇರುಳಿನಲ್ಲಿ ಅದನ್ನು ಮುಚ್ಚಿ ಕಾವಲಿಡುತ್ತಿದ್ದರು. ಒಳಗೆ ಕವಲೊಡೆಯುವ ಸಣ್ಣ ಓಣಿಗಳಿಗೆ 'ಖಡಕಿ', 'ಖಾಂಚೋ' ಎಂಬ ಹೆಸರುಗಳು. ಮನೆಯ ಮುಂದಿನ ಜಗಲಿ 'ಓಟಲೋ'. ಒಳಾಂಗಣದ ಕೆಳಗೆ ಮಳೆನೀರನ್ನು ಕೂಡಿಡುವ 'ಟಾಂಕಾ' ಎಂಬ ತೊಟ್ಟಿ. ಬೆಳಕು ಬೀಳದ ಆ ನೀರನ್ನು ವರ್ಷಪೂರ್ತಿ ಕುಡಿಯಲು ಬಳಸುತ್ತಿದ್ದರು. ಚೌಕದ ನಡುವೆ ಕಂಬದ ಮೇಲೆ ಕೆತ್ತನೆಯ ಮಂಟಪದಂತಿರುವುದು 'ಚಬೂತರೋ'. ಹಕ್ಕಿಗಳಿಗೆ ಕಾಳು ಹಾಕುವ ಕಟ್ಟೆಯದು. ಮಾರ್ಗದರ್ಶಿ ಇದನ್ನು ನಗರಶಿಲ್ಪದ ವಿಶೇಷವೆಂದು ವಿವರಿಸಿದರು. ಬಳಿಯಲ್ಲಿ ಓಟಲೋ ಮೇಲೆ ಕುಳಿತಿದ್ದ ವೃದ್ಧರೊಬ್ಬರು, 'ಶಿಲ್ಪ ಆಮೇಲೆ. ಮೊದಲು ಜೀವದಯೆ' ಎಂದು ಹಿಂದಿಯಲ್ಲಿ ಮೆಲ್ಲಗೆ ತಿದ್ದಿದರು. ಮಾರ್ಗದರ್ಶಿ ನಕ್ಕು ಒಪ್ಪಿಕೊಂಡರು.

ಹಾಜಾ ಪಟೇಲನ ಪೋಳದಲ್ಲಿ ಶಾಂತಿನಾಥ ಜಿನಾಲಯವಿದೆ. ಹೊರಗಿನಿಂದ ನೋಡಿದರೆ ಮನೆಯೋ ದೇವಾಲಯವೋ ತಿಳಿಯದಷ್ಟು ಸಾಧಾರಣವಾದ ಮುಖ. ಒಳಗೆ ಮರದ ಕೆತ್ತನೆ. ನಮ್ಮ ಮೂಡಬಿದಿರೆಯ ಬಸದಿಗಳು ಬೀದಿಯ ಎರಡೂ ಬದಿಗೆ ಮಾನಸ್ತಂಭವನ್ನು ಮುಂದಿಟ್ಟುಕೊಂಡು ನಿಂತಿರುವುದನ್ನು ಕಂಡ ಕಣ್ಣಿಗೆ ಇದು ಹೊಸದು. ಮೂಡಬಿದಿರೆಯಲ್ಲಿ ಬೀದಿ ಬಸದಿಗಳಿಗಾಗಿ ಇದೆ. ಇಲ್ಲಿ ದೇರಾಸರ ಮನೆಗಳ ಸಾಲಿನಲ್ಲಿ ತಾನೂ ಒಂದು ಮನೆಯಾಗಿ ಅಡಗಿದೆ. ಇದೇ ಪೋಳದ ಸಂವೇಗೀ ಉಪಾಶ್ರಯದಲ್ಲಿ ಹಸ್ತಪ್ರತಿಗಳ ಭಂಡಾರವೊಂದು ಇದ್ದುದನ್ನು ಹಳೆಯ ಸೂಚಿಗಳಿಂದ ಬಲ್ಲೆವು. ನಡಿಗೆಯ ವಿವರಣೆಯಲ್ಲಿ ಅದರ ಮಾತು ಬರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಕನ್ನಡಿಗರಿಗೆ ಸಂಬಂಧಿಸಿದ ಒಂದು ವಿಷಯವನ್ನು ಹೇಳಬೇಕಾಗಿದೆ. ಸುಲ್ತಾನ ಅಹಮದ ಶಾಹ ತನ್ನ ನಗರವನ್ನು ಸ್ಥಾಪಿಸಿದ್ದು ಕ್ರಿ.ಶ. 1411ರಲ್ಲಿ. ಅದಕ್ಕೆ ಹಿಂದೆಯೇ ಸಾಬರಮತಿಯ ದಡದಲ್ಲಿ ಆಶಾಪಲ್ಲಿ ಎಂಬ ಊರಿತ್ತು. ಚೌಲುಕ್ಯ ಕರ್ಣದೇವ (1064-1092) ಅದನ್ನು ಗೆದ್ದು ಕರ್ಣಾವತಿಯನ್ನು ಕಟ್ಟಿದನೆಂದು ಮೇರುತುಂಗರು ಹೇಳುತ್ತಾರೆ. ಆ ಕರ್ಣದೇವನ ಪಟ್ಟದರಸಿ ಮಯಣಲ್ಲದೇವಿ ಕರ್ಣಾಟದ ಕದಂಬ ಜಯಕೇಶಿಯ ಮಗಳು. ಸಿದ್ಧರಾಜ ಜಯಸಿಂಹನ ತಾಯಿ. ವಿಕ್ರಮ ಸಂವತ್ 1181ರಲ್ಲಿ, ಎಂದರೆ ಕ್ರಿ.ಶ. 1125ರಲ್ಲಿ, ಪಾಟಣದ ಸಿದ್ಧರಾಜನ ಸಭೆಯಲ್ಲಿ ಶ್ವೇತಾಂಬರ ವಾದಿ ದೇವಸೂರಿಗಳಿಗೂ ದಿಗಂಬರ ಕುಮುದಚಂದ್ರರಿಗೂ ನಡೆದ ವಾದ ಸುಪ್ರಸಿದ್ಧ. ಕುಮುದಚಂದ್ರರು ಕರ್ಣಾಟದಿಂದ ಹೋದವರು. ಪಾಟಣಕ್ಕೆ ಹೋಗುವ ಮುನ್ನ ಇಬ್ಬರೂ ಎದುರಾದುದು ಕರ್ಣಾವತಿಯಲ್ಲಿಯೇ ಎಂದು 'ಪ್ರಭಾವಕಚರಿತ' ತಿಳಿಸುತ್ತದೆ. ತವರುನಾಡಿನವರೆಂಬ ಅಭಿಮಾನದಿಂದ ರಾಜಮಾತೆ ಮೊದಲು ಕುಮುದಚಂದ್ರರ ಪಕ್ಷಕ್ಕೆ ಒಲಿದಿದ್ದಳಂತೆ. ವಾದದಲ್ಲಿ ದೇವಸೂರಿಗಳು ಗೆದ್ದರೆಂದು ಪ್ರಬಂಧಗಳೂ, ಯಶಶ್ಚಂದ್ರನ 'ಮುದ್ರಿತಕುಮುದಚಂದ್ರ' ನಾಟಕವೂ ಹೇಳುತ್ತವೆ. ಹಸ್ತಪ್ರತಿಗೆ ರಕ್ಷಣೆಯಾಗಿ ಇಡುವ ಮರದ ಪಟ್ಟಿಕೆಯೊಂದರ ಮೇಲೆ ಈ ವಾದದ ಚಿತ್ರಗಳೂ ಉಳಿದುಬಂದಿವೆ. ಈ ಆಧಾರಗಳೆಲ್ಲ ಗೆದ್ದ ಪಕ್ಷದವು ಎಂಬುದನ್ನು ದಿಗಂಬರ ಓದುಗರು ನೆನಪಿನಲ್ಲಿಡುವುದು ನ್ಯಾಯವೇ. ಆದರೂ ಸೋತವರ ಊರು, ಅವರು ಬಂದ ದಾರಿ, ಅವರಿಗೊಲಿದ ಅರಸಿಯ ತವರು ಇವನ್ನೆಲ್ಲ ಬರೆದಿಟ್ಟವರೂ ಗೆದ್ದವರೇ ಎಂಬುದನ್ನು ಒಪ್ಪಬೇಕು. ಕರ್ಣಾವತಿಯ ನೆಲೆ ಈಗ ನಾವು ನಡೆಯುವ ಪೋಳಗಳಿಗಿಂತ ದಕ್ಷಿಣಕ್ಕೆಂದು ವಿದ್ವಾಂಸರ ಅಭಿಪ್ರಾಯ. ಆದುದರಿಂದ ಈ ಓಣಿಗಳಲ್ಲಿ ಕುಮುದಚಂದ್ರರ ಹೆಜ್ಜೆಯನ್ನು ಹುಡುಕುವುದು ಕಲ್ಪನೆಯಾದೀತು.

ಝವೇರಿವಾಡ, ಹೆಸರೇ ಹೇಳುವಂತೆ, ರತ್ನಪಡಿ ವ್ಯಾಪಾರಿಗಳ ಕೇರಿ. ನಡಿಗೆಯ ತಿರುಳು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸಂಭವನಾಥನ ಖಡಕಿ, ಚೌಮುಖಜಿಯ ಪೋಳ, ನಿಶಾ ಪೋಳದ ಜಗವಲ್ಲಭ ಪಾರ್ಶ್ವನಾಥ ಜಿನಾಲಯ ಒಂದರ ಬೆನ್ನಿಗೊಂದು ಬರುತ್ತವೆ. ಇಲ್ಲಿಯ ಕೆಲವು ಜಿನಾಲಯಗಳಲ್ಲಿ ಮೇಲೊಂದು ಗರ್ಭಗೃಹ, ನೆಲದ ಕೆಳಗೆ ಇನ್ನೊಂದು. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಇಕ್ಕಟ್ಟಾದುದು. ಇಳಿದು ತಲೆಯೆತ್ತಿದರೆ ಆ ಇಕ್ಕಟ್ಟಿನಿಂದ ಊಹಿಸಲಾಗದಷ್ಟು ದೊಡ್ಡ ಅಮೃತಶಿಲೆಯ ಬಿಂಬ. ಇಂಥ ನೆಲಮನೆಗಳಿಗೆ ಒಂದು ಇತಿಹಾಸವಿದೆ. ನಗರಶ್ರೇಷ್ಠಿ ಶಾಂತಿದಾಸ ಝವೇರಿ ಕೋಟೆಯ ಹೊರಗೆ ಈಗಿನ ಸರಸಪುರದ ಬಳಿ 1620ರ ದಶಕದಲ್ಲಿ ಚಿಂತಾಮಣಿ ಪಾರ್ಶ್ವನಾಥನ ಭವ್ಯಮಂದಿರವನ್ನು ಕಟ್ಟಿಸಿದ್ದನು. 1638ರಲ್ಲಿ ಬಂದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೊ ಅದನ್ನು ನೋಡಿ ವರ್ಣಿಸಿದ್ದಾನೆ. 1645ರಲ್ಲಿ ಗುಜರಾತಿನ ಸುಬೇದಾರನಾಗಿದ್ದ ಔರಂಗಜೇಬನು ಅದನ್ನು ಮಸೀದಿಯಾಗಿ ಮಾರ್ಪಡಿಸಿದನು. ಶಾಂತಿದಾಸ ದೂರು ಒಯ್ದಾಗ ಶಹಜಹಾನನು 1648ರಲ್ಲಿ ಮಂದಿರವನ್ನು ಹಿಂತಿರುಗಿಸುವಂತೆ ಫರ್ಮಾನು ಹೊರಡಿಸಿದನು. ಮಂದಿರ ಮರಳಿ ಬಂದರೂ ಅಲ್ಲಿ ಪೂಜೆ ಮತ್ತೆ ನೆಲೆಗೊಳ್ಳಲಿಲ್ಲ. ಅಲ್ಲಿಂದ ಉಳಿಸಿ ತಂದ ಬಿಂಬಗಳು ಝವೇರಿವಾಡದ ಜಿನಾಲಯಗಳಲ್ಲಿ ನೆಲೆಗೊಂಡವೆಂಬುದು ಅಲ್ಲಿಯ ಸಂಪ್ರದಾಯ.

ಆ ಮಂದಿರ ಇಂದು ಇಲ್ಲ. ಆದರೆ ಅದನ್ನು ಕುರಿತ ಸಂಸ್ಕೃತ ಪ್ರಶಸ್ತಿ ಹಸ್ತಪ್ರತಿಯಲ್ಲಿ ಉಳಿದಿದೆ, ಫರ್ಮಾನು ಉಳಿದಿದೆ. ಕಲ್ಲು ಹೋಗಿ ಕಾಗದ ನಿಂತ ಈ ಉದಾಹರಣೆಯನ್ನು ಮಾರ್ಗದರ್ಶಿ ಹೇಳಬಹುದಿತ್ತು, ಹೇಳಲಿಲ್ಲ. ಇದು ಅವರ ದೋಷವಲ್ಲ. ನಡಿಗೆಯನ್ನು ರೂಪಿಸಿದವರು ಕಣ್ಣಿಗೆ ಕಾಣುವುದನ್ನು ತೋರಿಸಲು ರೂಪಿಸಿದರು. ಭಂಡಾರ ಕಣ್ಣಿಗೆ ಕಾಣದಂತೆ ಇರುವುದೇ ಅದರ ಸ್ವಭಾವ.

ದೋಶೀವಾಡದ ಪೋಳದಲ್ಲಿ ಅಷ್ಟಾಪದ ಜಿನಾಲಯವಿದೆ. ಆದಿತೀರ್ಥಂಕರರ ನಿರ್ವಾಣಭೂಮಿಯಾದ ಅಷ್ಟಾಪದವನ್ನು ನಮ್ಮ ಪುರಾಣಗಳು ಕೈಲಾಸವೆನ್ನುತ್ತವೆ. ಪಂಪನ 'ಆದಿಪುರಾಣ'ವನ್ನು ಓದಿದವರಿಗೆ ಅದು ಚಿರಪರಿಚಿತ. ಶ್ವೇತಾಂಬರ ಸಂಪ್ರದಾಯದಲ್ಲಿ ಭರತ ಚಕ್ರವರ್ತಿ ಅಲ್ಲಿ ಸ್ಥಾಪಿಸಿದ ಬಿಂಬಗಳ ಕ್ರಮ ದಕ್ಷಿಣಕ್ಕೆ 4, ಪಶ್ಚಿಮಕ್ಕೆ 8, ಉತ್ತರಕ್ಕೆ 10, ಪೂರ್ವಕ್ಕೆ 2 ಎಂದು ಹೇಳಿದೆ. 24 ತೀರ್ಥಂಕರರನ್ನು ಸಮವಾಗಿ ಹಂಚದೆ ಹೀಗೆ ಇರಿಸಿರುವ ಕಾರಣವನ್ನು ಜೊತೆಯಲ್ಲಿದ್ದ ಪರದೇಶೀಯರೊಬ್ಬರು ಕೇಳಿದರು; ಉತ್ತರ ಹೇಳುವಷ್ಟರಲ್ಲಿ ಗುಂಪು ಮುಂದೆ ಸಾಗಿತ್ತು.

ಇದೇ ಪೋಳದಲ್ಲಿ 'ಡೇಲಾನೋ ಉಪಾಶ್ರಯ'ವಿದೆ. ಗುಜರಾತಿನ ಗ್ರಂಥಸಂಪಾದಕರ ಪೀಠಿಕೆಗಳಲ್ಲಿ 'ಡೇಲಾ ಭಂಡಾರದ ಪ್ರತಿ' ಎಂಬ ಮಾತನ್ನು ಓದಿದ ನನ್ನಂಥವನಿಗೆ ಆ ಬಾಗಿಲ ಮುಂದೆ ನಿಂತಾಗ ಆದ ಸಂತೋಷ ಮಸೀದಿಯ ಕಮಾನುಗಳಿಂದಲೂ ಆಗಲಿಲ್ಲವೆಂದರೆ ಅದನ್ನು ಓದುಗರು ಕ್ಷಮಿಸುವರೆಂದು ನಂಬುತ್ತೇನೆ. ನಮ್ಮ ಓಲೆಗರಿಗಳಿಗೂ ಇವರ ಪ್ರತಿಗಳಿಗೂ ಇರುವ ವ್ಯತ್ಯಾಸ ದೊಡ್ಡದು. ಇಲ್ಲಿ 14-15ನೆಯ ಶತಮಾನಗಳಿಂದೀಚೆಗೆ ಕಾಗದವೇ ಪ್ರಧಾನ. ಲಿಪಿ ಜೈನ ನಾಗರಿ. ಕಟ್ಟಿಗೆ ದಾರದ ಬದಲು ಬಟ್ಟೆಯ ಬಂಧನ. ಕಟ್ಟುಗಳನ್ನು ಸೇರಿಸಿಡಲು 'ಡಾಬಡಾ' ಎಂಬ ಪೆಟ್ಟಿಗೆ. ಓಲೆಯ ಕಾಲದ ನೆನಪಿಗಾಗಿ ಕಾಗದದ ಪುಟದ ನಡುವೆಯೂ ದಾರದ ರಂಧ್ರಕ್ಕೆಂದು ಒಂದಿಷ್ಟು ಜಾಗವನ್ನು ಬರೆಯದೆ ಬಿಡುವ ಪದ್ಧತಿ ಬಹುಕಾಲ ಮುಂದುವರಿಯಿತು. ರಂಧ್ರವಿಲ್ಲ, ದಾರವಿಲ್ಲ, ಜಾಗ ಮಾತ್ರ ಇದೆ.

ಬರೆಹಗಾರರ ಈ ನಗರದಲ್ಲಿ ಪ್ರತಿ ಮಾಡುವ ಕೆಲಸವೇ ಒಂದು ದೊಡ್ಡ ಧಾರ್ಮಿಕ ಪರಿವರ್ತನೆಗೆ ಕಾರಣವಾಯಿತು ಎಂಬುದನ್ನು ಮರೆಯಬಾರದು. 15ನೆಯ ಶತಮಾನದಲ್ಲಿ ಅಹಮದಾಬಾದಿನಲ್ಲಿದ್ದ ಲೋಂಕಾ ಶಾಹ ವೃತ್ತಿಯಿಂದ ಲಿಪಿಕಾರನೆಂದು ಸಂಪ್ರದಾಯ ಹೇಳುತ್ತದೆ. ಆಗಮಗಳನ್ನು ಪ್ರತಿ ಮಾಡುತ್ತಾ ಮಾಡುತ್ತಾ, ಬರೆದುದನ್ನು ಓದಿ, ಓದಿದುದರಲ್ಲಿ ಬಿಂಬಪೂಜೆಗೆ ಆಧಾರ ಕಾಣದೆ ಅದನ್ನು ನಿರಾಕರಿಸಿದನಂತೆ. ಸ್ಥಾನಕವಾಸಿಗಳು ತಮ್ಮ ಮೂಲವನ್ನು ಅವನಲ್ಲಿ ಕಾಣುತ್ತಾರೆ. ಅವನ ನಿರ್ಣಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಲಿಪಿಕಾರನೆಂದರೆ ಅರ್ಥವರಿಯದೆ ಅಕ್ಷರ ಕೊರೆಯುವವನು ಎಂಬ ಸಂಪಾದಕರ ರೂಢಿಯ ಭಾವನೆಗೆ ಈ ಒಬ್ಬ ಲಿಪಿಕಾರನೇ ಸಾಕಷ್ಟು ಉತ್ತರ.

ಈಗ ಈ ಲೇಖನಕ್ಕೆ ಕಾರಣವಾದ ಆತಂಕವನ್ನು ಹೇಳುತ್ತೇನೆ. ಪೋಳಗಳಿಂದ ಜನ ಹೊರಟುಹೋಗುತ್ತಿದ್ದಾರೆ. ಕಳೆದ ಶತಮಾನದಿಂದಲೂ ನದಿಯ ಆಚೆಯ ದಡಕ್ಕೆ, ಹೊಸ ಬಡಾವಣೆಗಳಿಗೆ ಜೈನ ಕುಟುಂಬಗಳು ಸಾಗಿವೆ. ಬೀಗ ಬಿದ್ದ ಮನೆಗಳನ್ನು ನಡಿಗೆಯಲ್ಲಿಯೇ ಬೇಕಾದಷ್ಟು ಕಾಣಬಹುದು. ಅವರ ಹಿಂದೆಯೇ ಗ್ರಂಥಗಳೂ ಹೊರಟಿವೆ. ಮುನಿ ಪುಣ್ಯವಿಜಯಜಿಯವರು (1895-1971) ತಮ್ಮ ಸಂಗ್ರಹದ ಸುಮಾರು 10,000 ಪ್ರತಿಗಳನ್ನು ಕೊಟ್ಟು, ಶಾಂತಿದಾಸ ಝವೇರಿಯ ವಂಶಜರಾದ ಕಸ್ತೂರಭಾಯಿ ಲಾಲಭಾಯಿಯವರಿಂದ ಲಾಲಭಾಯಿ ದಲಪತಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರ ಸ್ಥಾಪನೆಯಾದುದು, ಪಂಡಿತ ದಲಸುಖ ಮಾಲವಣಿಯಾ ಅದನ್ನು ನಡೆಸಿದುದು, ಗಾಂಧಿನಗರದ ಬಳಿ ಕೋಬಾದಲ್ಲಿ ಮತ್ತೊಂದು ಮಹಾಸಂಗ್ರಹ ಬೆಳೆದುದು ಇವೆಲ್ಲ ನಮ್ಮ ವಿದ್ಯಾಕ್ಷೇತ್ರದ ಮಹೋಪಕಾರಗಳು. ಗೆದ್ದಲು, ತೇವ, ಅಜಾಗ್ರತೆಗಳಿಂದ ಸಾವಿರಾರು ಪ್ರತಿಗಳು ಉಳಿದವು. ಇದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿಯೊಂದು ಒಂದು ಪೋಳದ ಒಂದು ಉಪಾಶ್ರಯದ ಒಂದು ಡಾಬಡಾದಿಂದ ಬಂದಾಗ ಆ ಮೂರನ್ನೂ ಸೂಚಿಯಲ್ಲಿ ನಮೂದಿಸದಿದ್ದರೆ, ಗ್ರಂಥ ಉಳಿದು ಅದರ ಇತಿಹಾಸ ಅಳಿಯುತ್ತದೆ. ಯಾರು ಓದಿದರು, ಯಾವ ಗಚ್ಛದವರ ಕೈಯಲ್ಲಿತ್ತು, ಪಕ್ಕದ ಕಟ್ಟಿನಲ್ಲಿ ಏನಿತ್ತು ಎಂಬುದನ್ನು ಹೇಳುವುದು ಗ್ರಂಥದ ಪಾಠವಲ್ಲ, ಅದರ ನೆಲೆ.

ಪಾಟಣದಲ್ಲಿ ಈ ವಿವೇಕ ಇತ್ತು. 1937ರಲ್ಲಿ ಬರೋಡದಿಂದ ಪ್ರಕಟವಾದ ಅಲ್ಲಿಯ ತಾಡಪತ್ರಸೂಚಿ ಭಂಡಾರಗಳನ್ನು ಬೇರೆಬೇರೆಯಾಗಿಯೇ ಕೊಡುತ್ತದೆ. 'ಸಂಘವೀ ಪಾಡಾ' ಎಂಬ ಕೇರಿಯ ಹೆಸರೇ ಅಲ್ಲಿಯ ಗ್ರಂಥಗಳ ಹೆಸರಾಗಿ ಲೋಕದ ವಿದ್ವಾಂಸರ ಬಾಯಲ್ಲಿ ನಿಂತಿದೆ. ನಮ್ಮಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯೂ ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳನ್ನು ಅವುಗಳ ಹೆಸರಿನಿಂದಲೇ ಗುರುತಿಸಿದೆ. ಆದರೆ ಶ್ರಾವಕರ ಮನೆಗಳಿಂದ ಬಿಡಿಬಿಡಿಯಾಗಿ ಸಂಸ್ಥೆಗಳಿಗೆ ಬಂದ ಓಲೆಗಳ ವಿಷಯದಲ್ಲಿ ಆ ಎಚ್ಚರ ಸದಾ ಕಾಣುವುದಿಲ್ಲ. 'ದಾನವಾಗಿ ಬಂದುದು' ಎಂದಿಷ್ಟೇ ಬರೆದ ವಹಿಗಳನ್ನು ನಾನು ಕಂಡಿದ್ದೇನೆ. ಯಾವ ಬೀಡಿನಿಂದ, ಯಾವ ಬಸದಿಯ ಒತ್ತಿನ ಮನೆಯಿಂದ ಎಂಬುದು ಕೊಟ್ಟವರೊಡನೆಯೇ ಹೋಯಿತು.

ಪೋಳದ ನೆಲೆ ತಿಳಿದಿರುವುದು ಪುಷ್ಪಿಕೆಯ ಓದಿಗೂ ಉಪಕಾರಿ. ಪ್ರತಿಗಳ ಕೊನೆಯಲ್ಲಿ ನಗರವನ್ನು 'ರಾಜನಗರ' ಎಂದೋ 'ಅಹಮ್ಮದಾವಾದ' ಎಂದೋ ಬರೆಯುತ್ತಾರೆ. ರಾಜನಗರವೆಂಬುದನ್ನು ಸಾಮಾನ್ಯ ವಿಶೇಷಣವೆಂದು ತಿಳಿದು ಬೇರೊಂದು ರಾಜಧಾನಿಯನ್ನು ಹುಡುಕುವ ಭ್ರಮೆ ದಕ್ಷಿಣದವರಿಗೆ ಸುಲಭ. ಕಾಲಗಣನೆಯಲ್ಲಿಯೂ ಒಂದು ಎಚ್ಚರ ಬೇಕು. ಗುಜರಾತಿನ ವಿಕ್ರಮವರ್ಷ ಕಾರ್ತಿಕ ಶುದ್ಧ ಪಾಡ್ಯದಿಂದ ಆರಂಭವಾಗುತ್ತದೆ. ಆದುದರಿಂದ ಕಾರ್ತಿಕ, ಮಾರ್ಗಶಿರಗಳಲ್ಲಿ ಮುಗಿದ ಪ್ರತಿಗೆ ಸಂವತ್ಸರದಿಂದ 57ನ್ನು, ಚೈತ್ರದಿಂದೀಚೆಗೆ ಮುಗಿದುದಕ್ಕೆ 56ನ್ನು ಕಳೆಯಬೇಕು. ನಮ್ಮ ಚೈತ್ರಾದಿ ಶಕವರ್ಷದ ಅಭ್ಯಾಸದಿಂದ ಲೆಕ್ಕ ಹಾಕಿದರೆ ಒಂದು ವರ್ಷ ತಪ್ಪುವುದು.

ಮುಂದಿನ ದಾರಿಯನ್ನು ಬೇಗ ಮುಗಿಸುತ್ತೇನೆ. ದೆಹಲಿ ದರವಾಜೆಯ ಹೊರಗಿನ ಹಠೀಸಿಂಗ ಜಿನಾಲಯವನ್ನು ಪತಿಯ ಮರಣಾನಂತರ 1848ರಲ್ಲಿ ಪೂರ್ಣಗೊಳಿಸಿದ ಹರಕುಂವರ ಶೇಠಾಣಿಯ ಹವೇಲಿ ಬರುತ್ತದೆ. ಅದರ ಮುಂಭಾಗದ ಮರದ ಕೆತ್ತನೆಯನ್ನು ನೋಡಲು ಕತ್ತು ನೋಯುವಷ್ಟು ಹಿಂದಕ್ಕೆ ಬಾಗಬೇಕು, ಓಣಿ ಅಷ್ಟು ಕಿರಿದು. ಬಳಿಕ ಫರ್ನಾಂಡೀಸ್ ಸೇತುವೆ. ಅದರ ಕೆಳಗೆ ಪುಸ್ತಕದಂಗಡಿಗಳ ಸಾಲು. ಶಾಲೆಯ ಪುಸ್ತಕಗಳೇ ಹೆಚ್ಚು. ಗುಂಪಿನಿಂದ ನಾನು ಹಿಂದೆ ಬಿದ್ದುದು ಇಲ್ಲೊಂದು ಕಡೆಯೇ. ನಗರದ ಮೊದಲ ಪೋಳವೆನ್ನುವ ಮುಹೂರ್ತ ಪೋಳ, ಮಾಣೇಕ ಚೌಕದ ಚಿನಿವಾರಪೇಟೆ, ರಾಣಿಯರ ಗೋರಿಗಳ ಸುತ್ತಣ ಬಟ್ಟೆಯಂಗಡಿಗಳು, ಅಹಮದ ಶಾಹನ ಗೋರಿ, ಕೊನೆಗೆ 1424ರಲ್ಲಿ ಮುಗಿದ ಜಾಮಾ ಮಸೀದಿ. 260 ಕಂಬಗಳ ಆ ಸಭಾಂಗಣದ ಕೆತ್ತನೆಯಲ್ಲಿ ಗುಜರಾತಿನ ಶಿಲ್ಪಿಗಳ ಕೈ ಎದ್ದು ಕಾಣುತ್ತದೆ. ಜಿನಾಲಯಕ್ಕೂ ಮಸೀದಿಗೂ ಒಂದೇ ಉಳಿ ನಡೆದ ನಾಡು ಅದು.

ನಡಿಗೆ ಮುಗಿದ ಬಳಿಕ ಒಬ್ಬನೇ ಹಿಂತಿರುಗಿ ಪೋಳವೊಂದರ ಉಪಾಶ್ರಯಕ್ಕೆ ಹೋದೆ. ಕಪಾಟುಗಳಿಗೆ ಬೀಗವಿತ್ತು. ಜ್ಞಾನಪಂಚಮಿಯಂದು, ಎಂದರೆ ಕಾರ್ತಿಕ ಶುದ್ಧ ಪಂಚಮಿಯಂದು, ತೆರೆದು ಗ್ರಂಥಗಳನ್ನು ಪೂಜೆಗಿಡುತ್ತೇವೆ, ಆಗ ಬನ್ನಿ ಎಂದು ನೋಡಿಕೊಳ್ಳುತ್ತಿದ್ದ ಹಿರಿಯರು ಹೇಳಿದರು. ನಮ್ಮಲ್ಲಿ ಶ್ರುತಪಂಚಮಿ ಜ್ಯೇಷ್ಠದಲ್ಲಿ ಎಂದೆ. ಅವರಿಗೆ ಅದು ಗೊತ್ತಿತ್ತು. 'ನೀವು ಮಳೆಗೆ ಮುಂಚೆ ಬಿಚ್ಚಿ ಕಟ್ಟುತ್ತೀರಿ, ನಾವು ಮಳೆ ಹೋದ ಮೇಲೆ' ಎಂದರು. ಆಮೇಲೆ ಏನೆನಿಸಿತೋ, ಪ್ರವಚನಕ್ಕೆಂದು ಹೊರಗೆ ತೆಗೆದಿಟ್ಟಿದ್ದ ಒಂದು ಕಟ್ಟನ್ನು ತಂದು ಮಣೆಯ ಮೇಲಿಟ್ಟರು. ಬಿಚ್ಚಲಿಲ್ಲ. ಹಳದಿ ಬಟ್ಟೆಯ ಅಂಚಿನಲ್ಲಿ ಪೋಳದ ಹೆಸರು, ಡಾಬಡಾದ ಸಂಖ್ಯೆ, ಕಟ್ಟಿನ ಸಂಖ್ಯೆ ಮೂರನ್ನೂ ಕೆಂಪು ಮಸಿಯಲ್ಲಿ ಬರೆದಿದ್ದರು. ಬಟ್ಟೆ ಹರಿದಾಗ ಹೊಸ ಬಟ್ಟೆಗೆ ಮೊದಲು ಆ ಮೂರನ್ನು ಬರೆದು ಆಮೇಲೆ ಸುತ್ತುವುದು ತಮ್ಮ ತಂದೆಯ ಕಾಲದಿಂದ ನಡೆದು ಬಂದ ಕ್ರಮವೆಂದು ತಿಳಿಸಿದರು.